ಗೋಧಿ ಹೊಲವನ್ನು ದೋಣಿಯಲ್ಲಿ ದಾಟಿದ್ದು

ಸಾವಿರದೆಂಟುನೂರ ಐವತ್ತರ ಜೌಗುನೆಲ ಕಾಯ್ದೆಗೆ ಕ್ಯಾಲಿಫೋರ್ನಿಯಾದ ನಮ್ಮ ಕಣಿವೆಯ ಭೂಕಚೇರಿ ಕೊಟ್ಟ ವಿವರಣೆಯಂತೆ, ದೋಣಿಯಲ್ಲಿ ಕೂತು ದಾಟಿದ ನೆಲವೆಲ್ಲ ಜೌಗು. ಅದನ್ನು ಬಸಿದು ಒಣಗಿಸಿದವರಿಗೆ ಅದು ಸೇರತಕ್ಕದ್ದು. ದೇವರು ಮೂರನೆಯ ದಿನ ನೀರನ್ನೂ ನೆಲವನ್ನೂ ಬೇರ್ಪಡಿಸಿ, ಉಳಿದ ಕೆಲಸವನ್ನು ಈ ಕಚೇರಿಗೆ ವಹಿಸಿದ್ದಾನೆ.

ವಿಧವೆ ತಬಿತಾ ಒರ್ಕಟ್ ಅವರ ಗೋಧಿ ಹೊಲಕ್ಕೆ ಹಕ್ಕುಪತ್ರ ಇನ್ನೂ ಬಂದಿರಲಿಲ್ಲ. ಅದರ ಮೇಲೆ ಕಣ್ಣಿಟ್ಟ ಪ್ರೂಯಿಟ್ ಸಾಹೇಬರು ಗಾಡಿಯ ಮೇಲೊಂದು ದೋಣಿ ಹೇರಿ, ಹೇಸರಗತ್ತೆ ಕಟ್ಟಿ, ದೋಣಿಯೊಳಗೆ ಕೂತು ಹೊಲ ದಾಟಿದರು. ಸುಳ್ಳು ಹೇಳದವನೆಂದು ಚರ್ಚಿನ ಹಿರಿಯನಾದ ನನ್ನನ್ನೂ ಸಾಕ್ಷಿಗೆ ಕೂರಿಸಿಕೊಂಡಿದ್ದರು. ನಾನು ಹುಟ್ಟು ಹಿಡಿದಿದ್ದೆ. ಧೂಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ.

“ಏನ್ ಹಿರಿಯರೇ, ಮೀನು ಸಿಕ್ತಾ?” ಬಾವಿಯ ಹತ್ತಿರ ಕೋಳಿಗಳಿಗೆ ಕಾಳು ಹಾಕುತ್ತಿದ್ದ ತಬಿತಾ ಕೇಳಿದರು.

“ಇನ್ನೂ ಇಲ್ಲ ತಾಯಿ,” ಎಂದೆ. ಅದು ನಿಜವೇ ಆಗಿತ್ತು.

ಕಚೇರಿಯಲ್ಲಿ ಅಧಿಕಾರಿ ಗ್ಯಾಡ್ಸ್‌ಬಿ ನನ್ನ ಮುಂದೆ ಬೈಬಲ್ ಇಟ್ಟರು.

“ದೋಣೀಲಿ ಕೂತೇ ದಾಟಿದ್ರಾ?”

“ಕೂತೇ ದಾಟಿದ್ವಿ.”

“ಕಾಲು ನೆಲಕ್ಕೆ ತಾಗ್ತಾ?”

“ಇಲ್ಲ.”

ದೇವರ ದಯೆಯಿಂದ ಒಂದು ಮಾತೂ ಸುಳ್ಳಾಗಲಿಲ್ಲ. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: ‘ಸದರಿ ಹೊಲವು ಜಲಾವೃತವಾಗಿದೆ. ಅಲ್ಲಿ ಮುಳುಗಿರುವ ಕೋಳಿಗಳು ಮುಂದಿನ ಆದೇಶದವರೆಗೆ ಮೇಲೆ ಬರತಕ್ಕದ್ದಲ್ಲ.’

ಮರುದಿನ ಬೆಳಿಗ್ಗೆ ತಬಿತಾ ಬಂದು, ಸೆರಗಿನಂತೆ ಎತ್ತಿ ಹಿಡಿದಿದ್ದ ಏಪ್ರನ್ನಿನಿಂದ ಹೊಲದ ಒಣಮಣ್ಣನ್ನು ಅಧಿಕಾರಿಯ ಮೇಜಿನ ಮೇಲೆ ಸುರಿದರು.

“ಬಸಿದು ಒಣಗಿಸಿದ್ದೀನಿ ಸ್ವಾಮಿ.”

“ಇಡೀ ಜೌಗನ್ನಾ? ಒಂದೇ ರಾತ್ರೀಲಿ?”

“ಒಂಟಿ ಹೆಂಗಸು. ಬೇರೆ ಏನ್ ಕೆಲ್ಸ ಇತ್ತು?”

ಪ್ರೂಯಿಟ್ ಸಾಹೇಬರು ಎದ್ದು ನಿಂತರು. “ಸುಳ್ಳು. ಅಲ್ಲಿ ಹನಿ ನೀರೂ ಇರ್ಲಿಲ್ಲ.”

“ಹಾಗಾದ್ರೆ ನಿಮ್ಮ ದೋಣಿ ಯಾವುದರ ಮೇಲೆ ಹೋಯ್ತು ಸಾಹೇಬ್ರೇ?” ಗ್ಯಾಡ್ಸ್‌ಬಿ ವಿನಯದಿಂದ ಕೇಳಿದರು.

ಸಾಹೇಬರು ಕೂತರು. ಅಧಿಕಾರಿ ನನ್ನತ್ತ ತಿರುಗಿದರು. “ಹಿರಿಯರೇ, ನೆಲ ಈಗ ಒಣಗಿದೆಯಾ?”

“ಒಣಗಿದೆ. ನಿನ್ನೆ ಬಿದ್ದ ಧೂಳು ಇನ್ನೂ ಕಣ್ಣಲ್ಲೇ ಇದೆ.”

ಹೊಲ ತಬಿತಾ ಅವರಿಗೇ ಉಳಿಯಿತು. ಇಷ್ಟು ಬೇಗ ನೆರೆ ಇಳಿಸಿದ್ದಕ್ಕೆ ಅವರಿಗೆ ಪ್ರಶಂಸಾಪತ್ರವೂ ಸಿಕ್ಕಿತು.

ಆ ವರ್ಷ ಮಳೆಯಿಲ್ಲದೆ ಪೈರು ಬಾಡುತ್ತಿತ್ತು. ಮಳೆಗಾಗಿ ಪ್ರಾರ್ಥಿಸೋಣವೆಂದರೆ, ದಾಖಲೆಯ ಪ್ರಕಾರ ನಮ್ಮದು ನೆರೆಪೀಡಿತ ಪ್ರದೇಶ. ಆದ್ದರಿಂದ ಭಾನುವಾರ ಎಲ್ಲರೂ ಮೊಣಕಾಲೂರಿ, ಮಳೆ ನಿಲ್ಲಿಸಿದ್ದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದೆವು. ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಅಂದವರು ತಬಿತಾ.