ಬಾಗಿಲಿಗೆ ಅಡ್ಡ ಬಂದ ಇಂಗ್ಲಿಷ್ ಬೀರು

"ಇವತ್ತಿಂದ ನಮ್ಮ ಕಂಪನಿಯ ಒಂದು ಸ್ಟೂಲು ಕೂಡ ಇಂಗ್ಲಿಷಿಲ್ಲದೆ ಗೋಡೌನಿನ ಹೊಸಿಲು ದಾಟಕೂಡದು!"

ಸೋಮವಾರ ಬೆಳಗ್ಗೆ ಎದೆಯುಬ್ಬಿಸಿ ಹೀಗೆ ಘೋಷಿಸಿದವನು ಫರ್ನಿಚರ್ ಕಂಪನಿಯ ಡೆಲಿವರಿ ಗುಮಾಸ್ತ. ಆಫೀಸಿನಲ್ಲಿ ಎಲ್ಲರೂ ಅವನನ್ನು ಡಿಕ್ಷನರಿ ಎಂದೇ ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಕರೆಯುವವರು ಹಾಗೆಂದುಕೊಂಡಿರಲಿಲ್ಲ.

ಅವನ ಕೆಲಸ ಸರಳವಾಗಿತ್ತು. ಯಾವ ಸಾಮಾನು ಮನೆಯಲ್ಲಿ ಎಲ್ಲಿ ಕೂರಬೇಕೆಂದು ಗಿರಾಕಿ ಫೋನಿನಲ್ಲಿ ಹೇಳುವುದು, ಇವನು ಅದನ್ನು ಲಾರಿ ಡ್ರೈವರನ ಮೊಬೈಲಿಗೆ ಕಳಿಸುವುದು. ಇಷ್ಟು ವರ್ಷ ಇದೆಲ್ಲ ಮನೆಮಾತಿನಲ್ಲೇ ನಡೆದು, ಸೋಫಾ ಸೋಫಾದ ಜಾಗದಲ್ಲಿ, ಮಂಚ ಮಂಚದ ಜಾಗದಲ್ಲಿ ಕೂತಿದ್ದವು. ಅದರಲ್ಲೇನು ಹೆಚ್ಚುಗಾರಿಕೆ? ಹೋದ ವಾರ ಮ್ಯಾನೇಜರು ಮೀಟಿಂಗಿನಲ್ಲಿ, "ನಮ್ಮ ಸರ್ವೀಸು ಇಂಟರ್‌ನ್ಯಾಷನಲ್ ಲೆವೆಲ್ಲಿಗೆ ಹೋಗ್ಬೇಕು ಕಣ್ರೀ" ಎಂದು ಮೇಜು ಗುದ್ದಿದ್ದರು. ಸೂಪರ್‌ವೈಸರ್ ಕುರ್ಚಿ ಬೇರೆ ಖಾಲಿಯಿತ್ತು. ಆ ಎರಡನ್ನೂ ಕೂಡಿಸಿ ನೋಡಿದ ಡಿಕ್ಷನರಿಗೆ ಕಂಡ ಉತ್ತರ ಒಂದೇ: ಇಂಗ್ಲಿಷ್.

ಹಾಗೆಂದು ಅವನ ಹತ್ತಿರ ಇಂಗ್ಲಿಷಿನ ಭಂಡಾರವೇನೂ ಇರಲಿಲ್ಲ. ಇದ್ದದ್ದು ಒಂದು ಒಡವೆ. ಅದನ್ನೇ ಎಲ್ಲ ಸಮಾರಂಭಕ್ಕೂ ಹಾಕಿಕೊಂಡು ಹೋಗುತ್ತಿದ್ದ. ಅದರ ಹೆಸರು 'ಇನ್ ಫ್ರಂಟ್ ಆಫ್'. ಕ್ಷೌರದಂಗಡಿಗೆ ಹೋದರೆ, "ಲಿಟಲ್ ಕಟ್ ಇನ್ ಫ್ರಂಟ್ ಆಫ್ ಹೆಡ್!" ಸಿಟ್ಟು ಬಂದರೆ, "ಡೋಂಟ್ ಟಾಕ್ ಇನ್ ಫ್ರಂಟ್ ಆಫ್ ಮೈ ಬಿ.ಪಿ.!" ಭಾನುವಾರವಂತೂ ಹೆಂಡತಿಗೆ, "ಟುಡೇ ಐ ಈಟ್ ಇನ್ ಫ್ರಂಟ್ ಆಫ್ ಬಾತ್" ಎಂದಿದ್ದ.

"ಬಚ್ಚಲಿಗೆ ಎದುರಾಗಿ ಕೂತು ತಿನ್ತೀರಾ?"

"ಸ್ನಾನಕ್ಕೆ ಮುಂಚೆ ತಿನ್ತೀನಿ ಅಂದೆ!"

"ಎಲ್ಲಾದ್ರೂ ಕೂತು ತಿನ್ನಿ ರೀ, ತಟ್ಟೆ ತೊಳೆದಿಟ್ರೆ ಸಾಕು" ಎಂದು ಅವಳು ಡ್ಯೂಟಿಗೆ ಹೊರಟಿದ್ದಳು. ಅವಳು ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು.

ಘೋಷಣೆಯಾದ ದಿನವೇ ಮೂರು ಡೆಲಿವರಿ ಇದ್ದವು. ಮೊದಲನೆಯದು ಅವನ ಮನೆಗೇ! ಹೆಂಡತಿಗೆಂದು ಕಂಪನಿ ರಿಯಾಯಿತಿಯಲ್ಲಿ ಕನ್ನಡಿಯ ಬೀರು ಕೊಂಡಿದ್ದ. ಅವಳು ಮಲಗುವ ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಆಚೆ ಗೋಡೆಯ ಬಳಿ ತನ್ನ ಬಿಂಬ ಕಾಣಬೇಕು ಎಂಬುದು ಅವನ ಪ್ರೇಮಯೋಜನೆ. ಎರಡನೆಯದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಉದ್ದನೆಯ ಸೋಫಾ, ಅವರ ಕೋಣೆಗೆ ಎದುರಾಗಿ. ಮೂರನೆಯದು ಅಂದು ರಜೆಯಲ್ಲಿದ್ದ ಸಾಕ್ಷಾತ್ ಮ್ಯಾನೇಜರ ಮನೆಗೆ ಪುಸ್ತಕದ ಕಪಾಟು, ಬಚ್ಚಲುಮನೆಗೆ ಎದುರಿನ ಗೋಡೆಗೆ. ಡಿಕ್ಷನರಿ ಮೂರಕ್ಕೂ ತನ್ನ ಒಡವೆಯನ್ನು ತೊಡಿಸಿದ. 'ಕೀಪ್ ಇನ್ ಫ್ರಂಟ್ ಆಫ್ ಬೆಡ್‌ರೂಮ್ ಡೋರ್, ಮಿರರ್ ಫೇಸಿಂಗ್ ಡೋರ್.' 'ಕೀಪ್ ಇನ್ ಫ್ರಂಟ್ ಆಫ್ ಡಾಕ್ಟರ್ ಡೋರ್.' 'ಕೀಪ್ ಇನ್ ಫ್ರಂಟ್ ಆಫ್ ಬಾತ್‌ರೂಮ್ ಡೋರ್.' ಕಳಿಸಿದ ಮೇಲೆ ಮೂರನ್ನೂ ತಾನೇ ಮತ್ತೆ ಮತ್ತೆ ಓದಿ ಆನಂದಿಸಿದ.

ಮಧ್ಯಾಹ್ನ ಮನೆಯಿಂದ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ಬೀರು ಬಂತು. ತುಂಬಾ ಚೆನ್ನಾಗಿದೆ. ಆದ್ರೆ ನಮ್ಮ ಹುಡುಗಿ ಒಳಗೆ ಕಿರುಚ್ತಾ ಇದಾಳೆ."

"ಸಂತೋಷಕ್ಕಾ?"

"ಹಾಗೇನೂ ಕೇಳಿಸ್ತಿಲ್ಲಪ್ಪ."

ಡಿಕ್ಷನರಿ ಮನೆಗೆ ಓಡಿದ. ಬಾಗಿಲಿದ್ದ ಜಾಗದಲ್ಲಿ ಬಾಗಿಲಿರಲಿಲ್ಲ. ಮೂರು ಬಾಗಿಲಿನ ಬೀರು ಚೌಕಟ್ಟಿಗೆ ಅಂಟಿಕೊಂಡು, ಅವನಿಗೆ ಬೆನ್ನು ತಿರುಗಿಸಿ ನಿಂತಿತ್ತು. ಬೀರುವಿನ ಆಚೆಯಿಂದ ಹೆಂಡತಿಯ ದನಿ ಬಂತು.

"ರೀ! ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. ಎದ್ದು ಬಾಗಿಲು ತೆಗೀತೀನಿ, ಎದುರಿಗೆ ಕೂದಲು ಕೆದರಿಕೊಂಡು ಒಬ್ಬಳು ಪಿಶಾಚಿ!"

"ಅದು ಕನ್ನಡಿ ಕಣೆ, ಅದು ನೀನೇ."

"ಗೊತ್ತಾಯ್ತು! ಕಿರುಚಿ ಮುಗಿದ ಮೇಲೆ ಗೊತ್ತಾಯ್ತು! ಇವತ್ತು ಮಧ್ಯಾಹ್ನಾನೂ ನಂಗೆ ಡ್ಯೂಟಿ ಹಾಕಿದ್ದಾರೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಅಜ್ಜ ಅಜ್ಜಿಯರೆಲ್ಲ ಕಾಯ್ತಾ ಕೂತಿರ್ತಾರೆ. ಏನಂತ ಬರೆದು ಕಳಿಸಿದ್ರಿ?"

ಅವನು ಹೆಮ್ಮೆಯಿಂದಲೇ ಹೇಳಿದ.

"ಇನ್ ಫ್ರಂಟ್ ಆಫ್ ಡೋರ್ ಅಂದ್ರೆ ಬಾಗಿಲ ಮುಂದೇನೇ ರೀ! ಆಚೆ ಗೋಡೆಗೆ ಬೇಕು ಅಂದ್ರೆ ಆಪೋಸಿಟ್ ಅನ್ಬೇಕಿತ್ತು!"

"ಆಪೋಸಿಟ್ ಅಂದ್ರೆ ವಿರುದ್ಧ ಅಲ್ವಾ? ಬೀರು ಯಾಕೆ ಬಾಗಿಲಿಗೆ ವಿರುದ್ಧವಾಗಿರ್ಬೇಕು?"

"ಈಗ ನಾನು ನಿಮಗೆ ವಿರುದ್ಧವಾಗಿದ್ದೀನಲ್ಲ, ಅದಕ್ಕೆ!"

ಅವನು ಭುಜ ಕೊಟ್ಟು ತಳ್ಳಿದ. ಅತ್ತೆ ಅವನನ್ನು ತಳ್ಳಿದರು. ಬೀರು ಅಲುಗಲಿಲ್ಲ, ಅವನ ಸೊಂಟ ಅಲುಗಿತು. ಡ್ರೈವರಿಗೆ ಫೋನು ಮಾಡಿದರೆ ಅವನದು ಬೇರೆಯೇ ಗತ್ತು.

"ಬರೆದ ಹಾಗೇ ಇಟ್ಟಿದ್ದೀವಿ ಸಾರ್. ಒಂದು ಕಾಗದ ಕೂಡ ತೂರಲ್ಲ ನೋಡಿ, ಹಾಗೆ ಒತ್ತಿ ಇಟ್ಟಿದ್ದೀವಿ. ಕ್ಲಿನಿಕ್ಕಲ್ಲೂ ಸೋಫಾ ಹಾಗೇ. ಮ್ಯಾನೇಜರ್ ಸಾಹೇಬ್ರ ಮನೇಲಿ ಕಪಾಟು ಇನ್ನೂ ಫಸ್ಟ್ ಕ್ಲಾಸಾಗಿ ಕೂತ್ಕೊಂಡಿತು!"

ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಕರೆ. "ಏನ್ರೀ ಇದು! ಹಲ್ಲು ಕೀಳಿಸಿಕೊಂಡವರು ಒಳಗೆ, ಕೀಳಿಸಿಕೊಳ್ಳೋರು ಹೊರಗೆ! ಸೋಫಾದ ಮೇಲೆ ಹತ್ತಿ ದಾಟೋಕೆ ನಮ್ಮದೇನು ಸರ್ಕಸ್ಸಾ?" ಅದನ್ನು ಇಡುವಷ್ಟರಲ್ಲಿ ಮ್ಯಾನೇಜರದು. ಹಿನ್ನೆಲೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು.

"ಏನ್ರೀ, ನಾನು ಬಚ್ಚಲಲ್ಲಿದ್ದೀನಿ."

"ಪರವಾಗಿಲ್ಲ ಸಾರ್, ಆಮೇಲೆ ಮಾಡಿ."

"ಆಮೇಲೆ ಅನ್ನೋದೇ ಇಲ್ಲ ಕಣ್ರೀ! ಹೊರಗೆ ಬರೋಕೆ ದಾರಿಯಿಲ್ಲ! ಸೋಪು ಒಣಗ್ತಾ ಇದೆ! ಬಾಗಿಲು ತೆಗೆದ್ರೆ ಪುಸ್ತಕದ ಕಪಾಟು!"

ಲಾರಿ ಒಂದು, ಹಮಾಲರ ತಂಡ ಒಂದು, ಸೆರೆಮನೆ ಮೂರು. ಮೊದಲು ಯಾರನ್ನು ಬಿಡಿಸುವುದು? ಒಂದು ಕಡೆ ಕೈಹಿಡಿದವಳು, ಇನ್ನೊಂದು ಕಡೆ ಸಂಬಳ ಹಿಡಿದವರು. ಡಿಕ್ಷನರಿ ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ ಡ್ರೈವರಿಗೆ ಫೋನಿನಲ್ಲಿ ಪಿಸುಗುಟ್ಟಿದ: "ಮೊದಲು ಮ್ಯಾನೇಜರ್ ಮನೆಗೆ ಹೋಗಪ್ಪ. ಇಲ್ಲಿ ಮನೆಯವಳೇ, ಕಾಯ್ತಾಳೆ."

ಅದೊಂದು ಮಾತನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ್ದರೆ ಬದುಕುತ್ತಿದ್ದನೋ ಏನೋ.

"ಓಹೋ! ಕಾಯ್ತಾಳಾ?" ಎಂದಿತು ಬೀರು.

ಆಚೆ ಕಡೆ ಬೀರುವಿನ ನಡುವಿನ ಬಾಗಿಲು ತೆರೆದ ಸದ್ದು. ಹಲಗೆಗಳು ಒಂದೊಂದಾಗಿ ಕಳಚಿದ ಸದ್ದು. "ಹಿಂದಕ್ಕೆ ಸರೀರಿ!" ಎಂಬ ಅಪ್ಪಣೆ. ಆಮೇಲೆ ಒಂದು ಒದೆತ! 'ಮಕ್ಕಳ ಕಾಲಕ್ಕೂ ಬಾಳುವ ಗಟ್ಟಿತನ' ಎಂದು ಡಿಕ್ಷನರಿ ಗಿರಾಕಿಗಳಿಗೆಲ್ಲ ಹೊಗಳುತ್ತಿದ್ದ ಕಂಪನಿಯ ಬೀರು, ಒಂದೇ ಒದೆಗೆ ಬೆನ್ನು ಬಿಚ್ಚಿತು. ತಗಡಿನಂಥ ಹಿಂಬದಿಯ ಹಲಗೆ ಅವನ ಪಾದದ ಮೇಲೆ ಬಿತ್ತು. ಅದರ ಹಿಂದೆಯೇ ಬಿಳಿಯ ಸಮವಸ್ತ್ರ, ಕೈಯಲ್ಲಿ ಚೀಲ, ಮುಖದಲ್ಲಿ ಜ್ವಾಲೆ ಹೊತ್ತು ಹೆಂಡತಿ ಬೀರುವಿನೊಳಗಿಂದ ಹೊರಬಂದಳು.

"ಇನ್ ಫ್ರಂಟ್ ಆಫ್ ಕಲಿತಾಯ್ತಲ್ಲ ರೀ? ಈಗ ನಾನು ಬಂದೆನಲ್ಲ, ಇದಕ್ಕೆ 'ಥ್ರೂ' ಅಂತಾರೆ. ಇದನ್ನೂ ಕಲ್ಕೊಳ್ಳಿ."

ಮೆಟ್ಟಿಲಿಳಿದು ಹೋಗಿಯೇಬಿಟ್ಟಳು. ಅಜ್ಜ ಅಜ್ಜಿಯರ ಕಣ್ಣಿಗೇನೂ ತೊಂದರೆಯಾಗಲಿಲ್ಲ. ಮ್ಯಾನೇಜರೂ ಸಂಜೆಯ ಹೊತ್ತಿಗೆ ಹೊರಬಂದರು. ಬಂದವರೇ ಸೂಪರ್‌ವೈಸರ್ ಕುರ್ಚಿಯನ್ನು ಗೋಡೌನಿನ ಕಾವಲುಗಾರನಿಗೆ ಕೊಟ್ಟರು. ಕೂರಲು. ಹುದ್ದೆಯಲ್ಲ, ಬರೀ ಕುರ್ಚಿ. ಆ ಹುದ್ದೆಗೆ ತಕ್ಕವರು ಕಂಪನಿಯಲ್ಲಿ ಇಲ್ಲವೆಂದು ಅವರಿಗೆ ಬಚ್ಚಲಲ್ಲೇ ಜ್ಞಾನೋದಯವಾಗಿತ್ತು.

ಕ್ಲಿನಿಕ್ಕಿನ ಸೋಫಾ ಸರಿಸಿದ ಮೇಲೆ ಕೊನೆಗೆ ಲಾರಿ ಡಿಕ್ಷನರಿಯ ಮನೆಗೂ ಬಂತು. ನಾಲ್ವರು ಹಮಾಲರು ಬೆನ್ನಿಲ್ಲದ ಬೀರುವನ್ನು ಎತ್ತಿದರು. "ಎಲ್ಲಿ ಇಡೋದು ಸಾರ್?" ಎಂದ ಡ್ರೈವರು.

ಡಿಕ್ಷನರಿ ಬಾಯಿ ತೆರೆದ. ಮುಚ್ಚಿದ. ಯಾವ ಭಾಷೆಯ ಸಹವಾಸವೂ ಬೇಡವೆಂದು ನೆಟ್ಟಗೆ ನಡೆದು, ಆಚೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಜಾಗ ತೋರಿಸಿ ನಿಂತ. ಬೀರು ಹೊತ್ತವರಿಗೆ ಆಚೆ ಏನಿದೆಯೆಂದು ಕಾಣುವುದು ಹೇಗೆ? ಬೀರುವಿನ ತೆರೆದ ಬೆನ್ನು ಗೋಡೆ ತಾಗುವ ತನಕ ಒತ್ತಿ, ಇಳಿಸಿ, ಕೈ ಕೊಡವಿ ಹೊರಟುಹೋದರು.

ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂತು. ಅತ್ತೆ ತೆಗೆದುಕೊಂಡರು.

"ಅಮ್ಮಾ, ಅವರು ಎಲ್ಲಿ?"

"ಬೀರು ಒಳಗಿದ್ದಾರೆ ಕಣೆ. ಬಾಗಿಲಿನ ಚಿಲಕ ನನಗೆ ಗೊತ್ತಾಗ್ತಿಲ್ಲ."

"ಅಯ್ಯೋ! ಮತ್ತೆ ಏನು ಇಂಗ್ಲಿಷ್ ಮಾತಾಡಿದ್ರು?"

"ಇಲ್ಲಮ್ಮ, ಪಾಪ. ಈ ಸಲ ಬಾಯೇ ಬಿಡಲಿಲ್ಲ!"