ಹವಾಯಿ ಚಪ್ಪಲಿಯೊಳಗಿನ ನವಿಲು

ನಿಮ್ಮ ತಾತನ ಎದುರು ಎರಡು ನಿಮಿಷ ಅಲುಗಾಡದೆ ಕುಳಿತವರ ಮೈಮೇಲೆ ಹೂ ಅರಳುತ್ತಿತ್ತು! ಸುಳ್ಳಲ್ಲ ಮಕ್ಕಳೇ. ಒಮ್ಮೆ ನನ್ನ ತಮ್ಮ ಊಟ ಮುಗಿಸಿ ನಮ್ಮ ಹಜಾರದಲ್ಲಿ ಹಾಗೇ ನಿದ್ದೆ ಹೋಗಿದ್ದ. ಎದ್ದು ನೋಡಿದರೆ ಅವನ ಬಿಳಿ ಪಂಚೆಯ ಅಂಚಿನುದ್ದಕ್ಕೂ ನೀಲಿ ಆನೆಗಳು ಸಾಲಾಗಿ ಹೊರಟಿದ್ದವು. ಪಾಪ, ಅವನು ಅದೇ ಪಂಚೆಯಲ್ಲಿ ಸಂಜೆ ಬಸವನಗುಡಿಯಲ್ಲೊಂದು ಆರತಕ್ಷತೆಗೆ ಹೋಗಬೇಕಿತ್ತು. ಹೋದ! ಆನೆಗಳ ಸಮೇತ.

ನೀವು ತಾತನನ್ನು ನೋಡಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿ ‘ತಾತ ತುಂಬ ಸ್ಟ್ರಿಕ್ಟಾ ಅಜ್ಜಿ?’ ಎಂದು ಕೇಳುತ್ತೀರಿ. ಆ ಫೋಟೋವನ್ನು ನಂಬಬೇಡಿ. ನಾಲ್ಕು ಜನರ ಎದುರು ಕಥೆ ಹೇಳಲು ನನಗೆ ನಾಚಿಕೆ. ಊರ ಶಾಲೆಯಲ್ಲಿ ಕಲಿತ ಅಕ್ಷರಗಳಾದರೂ ಕೈಯಲ್ಲಿವೆಯಲ್ಲ, ಬರೆದೇ ಕೊಡುತ್ತೇನೆ.

ತಾತ ಅಂಚೆ ಕಚೇರಿಯಲ್ಲಿದ್ದರು. ಬಂದ ಕಾಗದಗಳ ಮೇಲೆ ಠಪ್ ಠಪ್ ಎಂದು ಮುದ್ರೆ ಒತ್ತುವ ಕೆಲಸ. ತೊಂಬತ್ತರ ದಶಕದ ನಡುವೆ ನಿವೃತ್ತರಾದರು. ಮನುಷ್ಯ ಮನೆಗೆ ಬಂದರೂ ಕೈ ನಿವೃತ್ತವಾಗಲೊಪ್ಪಲಿಲ್ಲ! ಕಾಫಿ ಲೋಟವನ್ನು ಕೆಳಗಿಡುವಾಗ ಠಪ್. ಚಪಾತಿಯನ್ನು ತಟ್ಟೆಗೆ ಹಾಕಿಕೊಳ್ಳುವಾಗ ಠಪ್. ಚಾಮರಾಜಪೇಟೆಯ ನಮ್ಮ ಪುಟ್ಟ ಮನೆಯಲ್ಲಿ ಇಡೀ ದಿನ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅನ್ನಿಸುತ್ತಿತ್ತು.

ಆಗ ನಿಮ್ಮಮ್ಮ ಕಾಲೇಜಿನಲ್ಲಿದ್ದಳು. ಒಂದು ದಿನ ಫ್ಯಾಬ್ರಿಕ್ ಪೇಂಟಿನ ಪುಟ್ಟ ಸೀಸೆಗಳನ್ನು ತಂದಳು. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು, ಬಣ್ಣ ಸವರಿ, ದುಪಟ್ಟದ ಮೇಲೆ ಒತ್ತಿದಳು. ಐದೆಸಳಿನ ಹೂ ಮೂಡಿತು. ತಾತ ದಿನಪತ್ರಿಕೆ ಕೆಳಗಿಟ್ಟರು.

“ಕೊಡಿಲ್ಲಿ. ಒತ್ತೋ ಕೆಲಸ ನಂದು.”

ಬೆಂಡೆಕಾಯಿ ಹಿಡಿದರು, ಕೈ ಎತ್ತಿದರು, ಠಪ್! ಕೆಂಪು ಬಣ್ಣ ದುಪಟ್ಟದ ಮೇಲೆ ಸ್ವಲ್ಪ, ಗೋಡೆಯ ಮೇಲೆ ಜಾಸ್ತಿ, ನಿಮ್ಮಮ್ಮನ ಹಣೆಗೆ ಕುಂಕುಮದಂತೆ ಇನ್ನಷ್ಟು ಹಾರಿತು.

“ಅಯ್ಯೋ, ಮೆಲ್ಲಗೆ ಅಪ್ಪಾ! ಇದು ಟಪಾಲಲ್ಲ, ದುಪಟ್ಟ!”

ಅಲ್ಲಿಗೆ ನನ್ನ ಅಡುಗೆಮನೆಗೆ ಕೇಡುಗಾಲ ಶುರುವಾಯಿತು. ಬೆಂಡೆಕಾಯಿ, ಆಲೂಗಡ್ಡೆ, ಹಾಗಲಕಾಯಿ ಎಲ್ಲವೂ ಬಣ್ಣಕ್ಕೆ ಹೋದವು. ಸಾರಿಗೆ ಬೇಳೆ ಮಾತ್ರ ಉಳಿಯಿತು. ಆದರೆ ತರಕಾರಿ ಒಂದೇ ದಿನಕ್ಕೆ ಬಾಡುತ್ತದೆ. ಗಟ್ಟಿ ಅಚ್ಚು ಬೇಕೆಂದು ತಾತ ಯೋಚಿಸುತ್ತ ಯೋಚಿಸುತ್ತ ತಮ್ಮ ಕಾಲನ್ನೇ ನೋಡಿಕೊಂಡರು. ಹವಾಯಿ ಚಪ್ಪಲಿ! ದಪ್ಪ ರಬ್ಬರು, ಬ್ಲೇಡಿನಲ್ಲಿ ಬೆಣ್ಣೆಯ ಹಾಗೆ ಕೊಯ್ಯಬಹುದು. ಅಂಗುಷ್ಠದ ಜಾಗದಲ್ಲಿ ಮಾವಿನಕಾಯಿ, ಹಿಮ್ಮಡಿಯಲ್ಲಿ ತಾವರೆ ಕೆತ್ತಿದರು. ಅವರದ್ದು ಮುಗಿಯಿತು, ನನ್ನದು ಮುಗಿಯಿತು, ಬಚ್ಚಲಿನದ್ದೂ ಮುಗಿಯಿತು. ಆಮೇಲೆ ಬಂದ ನೆಂಟರ ಮುಖಕ್ಕಿಂತ ಮೊದಲು ಅವರ ಪಾದ ನೋಡಿ “ಬನ್ನಿ ಬನ್ನಿ, ಒಳ್ಳೇದಾಯ್ತು” ಎನ್ನತೊಡಗಿದರು.

ನಿಮ್ಮಮ್ಮನನ್ನು ನೋಡಲು ಮಲ್ಲೇಶ್ವರದಿಂದ ಗಂಡಿನ ಕಡೆಯವರು ಬಂದರು. ಗಂಡಿನ ಸೋದರಮಾವ ಹೊಸ ಹವಾಯಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತ್, ಹಾಡು ಎಲ್ಲ ಆಯಿತು. ತಾತ ಮಾತ್ರ ನಡುವೆ ಎದ್ದು ಹೋಗಿ ಬಹಳ ಹೊತ್ತು ಕಾಣಲಿಲ್ಲ. ಹೊರಡುವಾಗ ಆ ಹಿರಿಯರು ಚಪ್ಪಲಿ ಮೆಟ್ಟಿ, ತೆಗೆದು, ಮೇಲೆತ್ತಿ ಬೆಳಕಿಗೆ ಹಿಡಿದರು. ಎಡಗಾಲಿನ ಹಿಮ್ಮಡಿಯಲ್ಲಿ ಗರಿ ಬಿಚ್ಚಿದ ನವಿಲಿನ ಆಕಾರದ ತೂತು! ನಾನು ಕಂಬದ ಹಿಂದೆ ಸರಿದೆ.

“ಏನು ಸ್ವಾಮಿ, ಹೆಣ್ಣು ತೋರಿಸ್ತೀವಿ ಅಂತ ಕರೆದು ನವಿಲು ಕದ್ರಿ?”

“ಹೆಣ್ಣು ನಿಮಗಿರ್ಲಿ ಬೀಗ್ರೇ, ನವಿಲು ನನಗಿರ್ಲಿ!” ಎಂದರು ತಾತ.

ಬೀಗರಂತೆ! ಸಂಬಂಧ ಇನ್ನೂ ಕುದುರಿಯೇ ಇರಲಿಲ್ಲ. ಆ ಹಿರಿಯರು ನಕ್ಕ ನಗೆಗೆ ಅಲ್ಲೇ ಕುದುರಿತು. ಅದರ ಫಲವಾಗಿ ನೀವಿಬ್ಬರೂ ಇದ್ದೀರಿ.

ಇನ್ನೊಂದು ಪೇಚಾಟ ಕೇಳಿ. ಕಾಗದದ ಬಲಗಡೆ ಮೇಲಿನ ಮೂಲೆಯಲ್ಲಿ ತಾನೇ ಅಂಚೆಚೀಟಿ ಇರುವುದು? ತಾತನ ಕೈ ಅಂಗಿ ಕಂಡರೂ ನೇರ ಅಲ್ಲಿಗೇ ಹೋಗುತ್ತಿತ್ತು. ನಮ್ಮ ಬೀದಿಯ ಗಂಡಸರೆಲ್ಲ ಬೆನ್ನಿನ ಕಡೆ ಬಲ ಭುಜದ ಮೇಲೊಂದು ಮಾವಿನಕಾಯಿ ಹೊತ್ತು ಓಡಾಡಿದರು. ಪಕ್ಕದ ಮನೆಯ ಮೇಷ್ಟ್ರು ಮುದ್ರೆ ಬಿದ್ದ ಹೊಸ ಅಂಗಿ ಹಾಕಿಕೊಂಡು ಬಂದು ಕೈಮುಗಿದರು.

“ನನ್ನನ್ನ ಯಾವೂರಿಗೆ ಕಳಿಸ್ತಿದೀರಿ ಸ್ವಾಮಿ?”

“ವಿಳಾಸ ಸರಿಯಾಗಿಲ್ಲ ಮೇಷ್ಟ್ರೇ. ವಾಪಸ್ ನಿಮ್ಮನೆಗೇ ಬರ್ತೀರಿ ಬಿಡಿ!”

ಹೀಗೆ ಎಲ್ಲರ ಬಟ್ಟೆಯ ಮೇಲೂ ತಾತನ ಹೂ ಇತ್ತು. ಪಾತ್ರೆ ತೊಳೆಯಲು ಬರುತ್ತಿದ್ದವಳ ರವಿಕೆಯ ತೋಳಿಗೂ ಗಿಳಿ ಬಂತು. ನನ್ನ ಸೀರೆಗೆ ಮಾತ್ರ ಏನೂ ಬರಲಿಲ್ಲ.

ನನಗೆ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ರಾತ್ರಿ ಅವರು ಅಚ್ಚುಗಳನ್ನು ತೊಳೆದು ಸಾಲಾಗಿ ಇಡುವಾಗ, ಈ ಮಲ್ಲಿಗೆ ನನ್ನ ಸೆರಗಿಗೆ, ಈ ಬಳ್ಳಿ ಅಂಚಿಗೆ ಎಂದು ಮನಸ್ಸಿನಲ್ಲೇ ಹಂಚಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಕೇಳುವುದು ಹೇಗೆ? ಮದುವೆಯಾಗಿ ಅಷ್ಟು ವರ್ಷ ಉಪ್ಪು, ಬೇಳೆ, ಮಗಳ ಫೀಸು ಬಿಟ್ಟು ನನಗಾಗಿ ಏನನ್ನೂ ಕೇಳಿ ಅಭ್ಯಾಸವಿರಲಿಲ್ಲ. ಜೊತೆಯಲ್ಲಿ ಎಲ್ಲಿಗಾದರೂ ಹೊರಟರೆ ಅವರು ಮುಂದೆ, ನಾನು ಹಿಂದೆ. ಒಮ್ಮೆ ಧೈರ್ಯ ಮಾಡಿ, ಹೂವಿಲ್ಲದ ಹಸಿರು ಸೀರೆಯೊಂದನ್ನು ಅವರ ಬಣ್ಣದ ಸೀಸೆಗಳ ಪಕ್ಕದಲ್ಲೇ ಇಟ್ಟು ಒಳಗೆ ಹೋದೆ. ಬಂದು ನೋಡುತ್ತೇನೆ, ಸೀರೆಯನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟು, ಅದರ ಕೆಳಗಿದ್ದ ಒರೆಸುವ ಬಟ್ಟೆಗೆ ತಾವರೆ ಒತ್ತಿದ್ದರು! ನೆಲ ಒರೆಸುವ ಬಟ್ಟೆಗೆ!

ನಿಮ್ಮಮ್ಮ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ಮಧ್ಯಾಹ್ನ ಅವರು ಚಪ್ಪಲಿ ಕೆತ್ತುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ರೀ... ನನಗೂ ಒಂದು...”

“ಕಾಫಿ ತಾನೇ? ಮಾಡ್ಕೋ, ನನಗೂ ಅರ್ಧ ಲೋಟ ಕೊಡು.”

“ಕಾಫಿ ಅಲ್ಲ. ಸೀರೆ. ಅದರ ಮೇಲೆ... ನೀವು ಒತ್ತುತ್ತೀರಲ್ಲ, ಅದು.”

ಬ್ಲೇಡು ನಿಂತಿತು. “ನಿನಗೆ ಇದೆಲ್ಲ ಇಷ್ಟ ಇಲ್ಲ ಅಂದ್ಕೊಂಡಿದ್ನಲ್ಲೇ! ನಾನು ಏನು ಮಾಡಿ ತೋರಿಸಿದ್ರೂ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ಒಳಗೆ ಹೋಗ್ಬಿಡ್ತಿದ್ಯಲ್ಲ!”

“ನಗು ಬರ್ತಿತ್ತು. ನಿಮ್ಮೆದುರು ನಗೋದು ಹೇಗೆ?”

“ಅಯ್ಯೋ ಇವಳೇ! ನೀನು ನಗಲಿ ಅಂತ ತಾನೇ ತೋರಿಸ್ತಿದ್ದಿದ್ದು!”

ಯಾವ ಹೂ ಬೇಕೆಂದು ಕೇಳಿದರು. ನಾನು ಮನಸ್ಸಿನಲ್ಲಿ ಹಂಚಿಕೊಂಡಿದ್ದ ಮಲ್ಲಿಗೆ, ಬಳ್ಳಿ ಎಲ್ಲ ಆ ಕ್ಷಣಕ್ಕೆ ಮರೆತೇ ಹೋಯಿತು. ಬಾಯಿಗೆ ಬಂದದ್ದು ಅಣ್ಣೆ ಹೂ. ನಮ್ಮೂರಿನ ರಾಗಿ ಹೊಲಗಳಲ್ಲಿ ತಾನಾಗಿ ಏಳುತ್ತದೆ. ದೀಪದ ಕುಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಬುಡ ಬೆಳ್ಳಿಯಂತೆ, ತುದಿ ಗುಲಾಬಿ. ಶಾಲೆಗೆ ಹೋಗುವಾಗ ಕಿತ್ತು ಕೈಯಲ್ಲಿ ಹಿಡಿದು ಹೋಗುತ್ತಿದ್ದೆವು.

“ಅಂದ್ರೆ ಕಳೆ! ಲಕ್ಷಣವಾಗಿ ಗುಲಾಬಿ, ಸಂಪಿಗೆ ಕೇಳೋದು ಬಿಟ್ಟು ಸೀರೆ ತುಂಬ ಕಳೆ ಬೆಳೀಬೇಕಾ?”

“ಹೂಂ.”

“ನಾನು ಪೇಟೇಲಿ ಹುಟ್ಟಿದವನು. ಕಣ್ಣಲ್ಲಿ ನೋಡದೆ ಕೆತ್ತೋದು ಹೇಗೆ? ಭಾನುವಾರ ಹೊರಡು, ಹುಡುಕೋಣ.”

ಹೊರಟೆವು. ಆ ಭಾನುವಾರ ಗವಿಪುರದ ಬಂಡೆಗಳ ಸುತ್ತ, ಅದರ ಮುಂದಿನ ಭಾನುವಾರ ಕೆಂಪಾಂಬುಧಿ ಕೆರೆಯ ಏರಿಯ ಮೇಲೆ, ಮತ್ತೊಂದು ಭಾನುವಾರ ಮಲ್ಲೇಶ್ವರದಲ್ಲಿ ರೈಲು ಹಳಿಯ ಪಕ್ಕ. ಖಾಲಿ ಸೈಟು ಕಂಡಲ್ಲೆಲ್ಲ ತಾತ ಪ್ಯಾಂಟು ಮಡಚಿ ಇಳಿದುಬಿಡುತ್ತಿದ್ದರು. ಒಬ್ಬ ಪೊಲೀಸಪ್ಪ ಸೈಕಲ್ ನಿಲ್ಲಿಸಿ ಕೇಳಿದ, “ಏನು ಕಳ್ಕೊಂಡ್ರಿ ಯಜಮಾನ್ರೇ?”

“ಹೂ ಕಣಪ್ಪ. ಇವಳು ಊರಲ್ಲಿ ಬಿಟ್ಟು ಬಂದಿದಾಳಂತೆ.”

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕಂಪ್ಲೇಂಟು ಬರೆದುಕೊಳ್ಳದೆ ಹೋದದ್ದು ನಮ್ಮ ಪುಣ್ಯ!

ಹುಡುಕಿ ಸುಸ್ತಾದ ಮೇಲೆ ಹೋಟೆಲಿಗೆ ಹೋಗುತ್ತಿದ್ದೆವು. ಅವರೆದುರು ಕುಳಿತು ದೋಸೆ ತಿಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಮೊದಲ ವಾರ ತಲೆಯೆತ್ತದೆ ತಿಂದೆ. ಆಮೇಲಾಮೇಲೆ ಮಾತು ಬಂತು. ನಮ್ಮೂರಿನ ಕೆರೆ, ನಮ್ಮ ಮೇಷ್ಟ್ರ ಬೆತ್ತ, ನಾನು ಬಿದ್ದ ಹಳ್ಳ ಎಲ್ಲವನ್ನೂ ಅವರು ಕೇಳಿದರು, ನಾನು ಹೇಳಿದೆ. ಯಾವ ವಾರದಿಂದಲೋ ಗೊತ್ತಿಲ್ಲ, ಬೀದಿಯಲ್ಲಿ ಅವರು ಮುಂದೆ ಹೋಗುವುದು ನಿಂತು, ಇಬ್ಬರೂ ಒಂದೇ ಸಾಲಿನಲ್ಲಿ ನಡೆಯುತ್ತಿದ್ದೆವು.

ಕೊನೆಗೆ ಬಿನ್ನಿಪೇಟೆಯ ಬಯಲೊಂದರಲ್ಲಿ, ಮುರಿದ ಗೋಡೆಯ ಮಗ್ಗುಲಲ್ಲಿ ಕಂಡಿತು. ಒಂದಲ್ಲ, ಗುಂಪು ಗುಂಪಾಗಿ! ನಾನು ಮಗುವಿನ ಹಾಗೆ ಕೂಗಿಬಿಟ್ಟೆ. “ರೀ, ಇದೇ! ಇದೇ ಅಣ್ಣೆ ಹೂ!”

ತಾತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಅಂಗಿಯ ಜೇಬಿನಿಂದ ಏನೋ ತೆಗೆದು ಹೂವಿನ ಪಕ್ಕದಲ್ಲಿ ಹಿಡಿದರು. ನೀಲಿ ರಬ್ಬರಿನ ಪುಟ್ಟ ಅಚ್ಚು. ಅದೇ ಹೂ, ಅದೇ ಕುಡಿ, ಕೆಳಗೆ ಸಣ್ಣ ಎಲೆಯೂ ಇತ್ತು. ಆಗಲೇ ಬಣ್ಣ ಹಚ್ಚಿ ತೊಳೆದ ಗುರುತಿತ್ತು.

“ಇದನ್ನ ಯಾವಾಗ ಕೆತ್ತಿದ್ರಿ? ಎಲ್ಲಿ ನೋಡಿದ್ರಿ?”

“ಗವಿಪುರದಲ್ಲಿ, ಮೊದಲ್ನೇ ವಾರಾನೇ. ಬಂಡೆ ಸಂದೀಲಿತ್ತು. ನೀನು ಆ ಕಡೆ ತಿರುಗಿದ್ದೆ. ಕಿತ್ತು ಜೇಬಿಗೆ ಹಾಕ್ಕೊಂಡೆ.”

“ಮತ್ತೆ ಹೇಳ್ಲಿಲ್ಲ ಯಾಕೆ?”

ಅವರು ಹೂವನ್ನೇ ನೋಡುತ್ತ ಹೇಳಿದರು, “ಹೇಳಿದ್ರೆ ಮುಂದಿನ ಭಾನುವಾರ ನೀನು ಬರ್ತಿದ್ಯಾ?”

ನಾನು ಸೆರಗು ಅಡ್ಡ ಹಿಡಿಯಲಿಲ್ಲ. ನಗುತ್ತಲೇ, “ನನಗೆ ಹುಚ್ಚೆಳ್ಳಿನ ಹೂವೂ ಬೇಕು” ಎಂದೆ.

“ಅದು ಬೇಗ ಸಿಗತ್ತಾ?”

“ಸಿಗಲ್ಲ.”

“ಹಾಗಾದ್ರೆ ಸರಿ.”

ಆ ಹಸಿರು ಸೀರೆಯ ತುಂಬ ಅಣ್ಣೆ ಹೂ ಒತ್ತಿಕೊಟ್ಟರು. ಠಪ್ ಎಂಬ ಸದ್ದೇ ಬರದ ಹಾಗೆ, ಅಷ್ಟು ಮೆಲ್ಲಗೆ. ಹುಚ್ಚೆಳ್ಳಿನ ಹೂ ಸಿಕ್ಕಿತು. ಆಮೇಲೆ ಇನ್ನೊಂದನ್ನು ಕೇಳಿದೆ, ಅದಾದ ಮೇಲೆ ಮತ್ತೊಂದನ್ನು. ನಿಮ್ಮಿಬ್ಬರಲ್ಲಿ ಮೊದಲನೆಯವರು ಹುಟ್ಟುವ ಹಿಂದಿನ ವರ್ಷ, ಹುಡುಕಾಟದ ನಡುವೆಯೇ ಅವರು ಹೊರಟುಹೋದರು. ನಾನು ಹೇಳಬೇಕೆಂದಿದ್ದ ನಮ್ಮೂರಿನ ಹೂಗಳು ಎಷ್ಟೋ ಉಳಿದುಬಿಟ್ಟವು. ಈಗಲೂ ಭಾನುವಾರ ಬೆಳಗ್ಗೆ ಕಾಫಿ ಸೋಸುವಾಗ ಯಾವುದೋ ಒಂದು ಹೂವಿನ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅದು ಬೇಗ ಸಿಗದ ಹೂವೇ ಆಗಿರುತ್ತದೆ.