ಫ್ಲಾಪಿಯೊಳಗಿನ ಅತ್ತೆ

ಯಂತ್ರದ ಗುಂಡಿಯ ಮೇಲೆ ಬರೆದ ಮಾತನ್ನು ನಾವು ಪೂರ್ತಿ ನಂಬುತ್ತೇವೆ. ‘ರೆಕಾರ್ಡ್’ ಎಂಬ ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿದರೆ ಕೋಣೆಯಲ್ಲಿ ಕೇಳಿಸಿದ್ದೆಲ್ಲ ಒಳಗೆ ಹೋಯಿತೆಂದೇ ಲೆಕ್ಕ. ಏನೇನು ಹೋಯಿತಪ್ಪಾ ಎಂದು ದೀಪವನ್ನು ಯಾರೂ ವಿಚಾರಿಸುವುದಿಲ್ಲ.

ನಾನು ಕ್ಯಾಂಪ್ ಬಡಾವಣೆಯ ಶಾಲೆಯೊಂದರಲ್ಲಿ ಸಂಗೀತ ಕಲಿಸುವವಳು. ಫ್ಲಾಪಿ ಹಾಕುವ ಸಿಂಥಸೈಜರ್ ಕೀಬೋರ್ಡೊಂದನ್ನು ಆಸೆಪಟ್ಟು ಕೊಂಡು, ವಡಗಾವಿಯ ಮನೆಯಲ್ಲಿ ಪಕ್ಕದ ಮಗ್ಗಗಳ ಸದ್ದಿನೊಂದಿಗೆ ಜಗಳವಾಡುತ್ತ ನುಡಿಸುತ್ತಿದ್ದೆ. ಆಗ ಖಾನಾಪುರದ ನಾದಿನಿಯ ಎರಡನೆಯ ಮಗುವಿಗೆ ಹೆಸರಿಡುವ ದಿನ ಬಂತು. ಮೊದಲ ಮಗುವನ್ನು ಅತ್ತೆಯೇ ಜೋಗುಳ ಹಾಡಿ ತೊಟ್ಟಿಲಿಗೆ ಹಾಕಿದ್ದರು. ಈ ಸಲ ಅವರ ಕಾಲಿಗೆ ಪ್ಲಾಸ್ಟರ್. “ಅವ್ವನ ಹಾಡ ಇಲ್ಲದ ನಾ ಕೂಸಿನ್ನ ತೊಟ್ಟಿಲಾಗ ಹಾಕಂಗಿಲ್ಲ ನೋಡ್ರಿ ವೈನಿ” ಎಂದು ನಾದಿನಿ ಫೋನಿನಲ್ಲಿ ಅತ್ತಳು. ಹಾಡನ್ನು ನಾನು ತರುತ್ತೇನೆ ಎಂದು ಮಾತು ಕೊಟ್ಟೆ.

ಟೇಪ್ ರೆಕಾರ್ಡರ್ ಹಚ್ಚಿದರಾಯಿತಲ್ಲ ಎಂದು ನನ್ನವರು ಅಂದರು. ಅದು ಸುಂಯ್ ಎನ್ನುತ್ತದೆ ಎಂದು ನಾನು ಮೂಗು ಮುರಿದೆ. ಅತ್ತೆಯ ಮೈಕು, ನನ್ನ ಸಿಂಥಸೈಜರ್ ಎರಡನ್ನೂ ಒಂದೇ ಸ್ಪೀಕರಿಗೆ ಸಿಕ್ಕಿಸಿ, ಸಿಂಥಸೈಜರಿಗೆ ಫ್ಲಾಪಿ ಹಾಕಿ ಅದರ ಕೆಂಪು ದೀಪ ಹತ್ತಿಸಿದೆ. ಕೊಳಲಿನ ದನಿ ಇಟ್ಟು ನುಡಿಸುತ್ತ, ಅತ್ತೆ ಉಸಿರೆಳೆದುಕೊಂಡಲ್ಲೆಲ್ಲ ಕಾದೆ. ಎರಡನೆಯ ನುಡಿಯ ನಡುವೆ ಅವರು ತಟ್ಟನೆ ನಿಂತು ಮಗನ ಕಡೆ ತಿರುಗಿದರು. “ಹಾಲ ಉಕ್ಕಾಕತ್ತೈತಿ, ಕಂಬಧಂಗ ಏನ ನಿಂತಿ? ಒಲಿ ಆರಸ ಹೋಗು.” ಅವರು ಮತ್ತೆ ಹಾಡು ಹಿಡಿಯುವವರೆಗೆ ನಾನು ಒಂದೇ ಸ್ವರವನ್ನು ಒತ್ತಿ ಹಿಡಿದುಕೊಂಡಿದ್ದೆ. ಇನ್ನೊಮ್ಮೆ ಹಾಡಿ ಎಂದರೆ ಒಪ್ಪಲಿಲ್ಲ. ಜೋಗುಳದಲ್ಲಿ ಒಂದು ಬೈಗುಳ ಇದ್ದರೆ ಮಗುವಿಗೆ ಮನೆಯ ರೂಢಿಯಾಗುತ್ತದಂತೆ.

ನಾನೂ ನನ್ನವರೂ ಹತ್ತಿದ ರೈಲು ದೇಸೂರು ದಾಟುವಾಗಲೂ ಫ್ಲಾಪಿ ನನ್ನ ಕೈಯಲ್ಲೇ ಇತ್ತು. ಖಾನಾಪುರದಲ್ಲಿ ನಾದಿನಿಯ ಮೈದುನನ ಕಂಪ್ಯೂಟರನ್ನು ತೊಟ್ಟಿಲ ಬಳಿ ತಂದಿಟ್ಟಿದ್ದರು. ಹೆಂಗಸರು ಆರತಿ ಹಿಡಿದು ನಿಂತರು. ಫ್ಲಾಪಿ ಹಾಕಿದೆ. ಲಾರಿ ಹಿಂದಕ್ಕೆ ಬರುವಾಗ ಕೂಗುತ್ತದಲ್ಲ, ಹೆಚ್ಚುಕಡಿಮೆ ಅಂಥ ದನಿಯಲ್ಲಿ ಜೋಗುಳ ಶುರುವಾಯಿತು. ಅತ್ತೆಯ ದನಿ ಇರಲೇ ಇಲ್ಲ.

ನೇಕಾರರ ಓಣಿಯಲ್ಲಿದ್ದೂ ನನಗೆ ಹೊಳೆಯದಿದ್ದದ್ದು ಆಗ ಹೊಳೆಯಿತು. ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿ ಇರುತ್ತದೆ. ಯಾವ ಎಳೆ ಯಾವಾಗ ಏಳಬೇಕೆಂದು ಅದು ಹೇಳುತ್ತದೆ, ಅಷ್ಟೆ. ರೇಷ್ಮೆ ಹಾಕಿದರೆ ರೇಷ್ಮೆ ಸೀರೆ, ನೂಲು ಹಾಕಿದರೆ ನೂಲಿನದು. ನನ್ನ ಸಿಂಥಸೈಜರ್ ಫ್ಲಾಪಿಯಲ್ಲಿ ಬರೆದಿಟ್ಟ ಮಿಡಿ ಎಂಬುದೂ ಅಂಥದೇ ಪಟ್ಟಿ. ಕೀಬೋರ್ಡಿನ ಯಾವ ಮನೆಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ ಎಂಬುದಷ್ಟೇ ಅದರಲ್ಲಿತ್ತು. ಕೊಳಲು ನನ್ನ ಸಿಂಥಸೈಜರಿನಲ್ಲೇ ಉಳಿದಿತ್ತು. ಇಲ್ಲಿ ನುಡಿಯುತ್ತಿದ್ದುದು ಈ ಕಂಪ್ಯೂಟರಿನ ಗಂಟಲು. ಸೀರೆಯನ್ನೇ ಮಡಚಿ ಒಯ್ಯಬೇಕೆಂದರೆ ಟೇಪು ಬೇಕಿತ್ತು. ಅತ್ತೆಯಂತೂ ಯಾವ ಮನೆಯನ್ನೂ ಒತ್ತಿರಲಿಲ್ಲ.

ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಆ ಒಂದೇ ಸ್ವರ ಬಂತು. ಎಳೆಯಿತು, ಎಳೆಯಿತು, ಮುಗಿಯಲಿಲ್ಲ. ಮಗುವನ್ನೆತ್ತಿಕೊಂಡಿದ್ದ ನಾದಿನಿ ತಲೆ ಎತ್ತಿದಳು.

“ತಡೀರಿ ವೈನಿ. ಇಲ್ಲೆ ಅವ್ವ ಯಾರಿಗೋ ಬೈದಾಳ.”

ನನ್ನವರು ನೆಲ ನೋಡುತ್ತ, “ನನಗ,” ಎಂದರು. “ಹಾಲ ಉಕ್ಕಿತ್ತು.”

ನಾದಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೊದಲಿನಿಂದ ಹಚ್ಚಲು ಹೇಳಿ ತಾನೇ ಹಾಡತೊಡಗಿದಳು. ನಾನು ಎಲ್ಲೆಲ್ಲಿ ಕಾದಿದ್ದೆನೋ ಅಲ್ಲಲ್ಲಿ ಅವಳಿಗೂ ಉಸಿರು ಸರಿಯಾಗಿ ಸಿಕ್ಕಿತು. ಆ ಉದ್ದನೆಯ ಸ್ವರದಲ್ಲಿ ಎಲ್ಲರೂ ಸುಮ್ಮನೆ ನಿಂತು ಬೈಗುಳಕ್ಕೆ ಜಾಗ ಬಿಟ್ಟರು. ಲಾರಿಯ ದನಿಯಲ್ಲೇ ಮಗು ತೊಟ್ಟಿಲಿಗೆ ಹೋಯಿತು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. “ನಾ ಇಲ್ಲದ ಹಾಡು ಹೆಂಗಿರತೈತಿ, ಹಚ್ಚು ನೋಡೂಣು” ಎಂದರು. ಹಚ್ಚಿದೆ. ಬೈಗುಳದ ಹೊತ್ತಿನ ಆ ಉದ್ದನೆಯ ಸ್ವರವನ್ನು ಕತ್ತರಿಸುವುದು ಮಿಡಿಯಲ್ಲಿ ಬಹಳ ಸುಲಭ, ಬೇಕಾದರೆ ತೆಗೆಯುತ್ತೇನೆ ಎಂದು ತಿಳಿದವಳಂತೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಆ ಸ್ವರ ಬಂದು ನಿಂತಿತು. ಅತ್ತೆ ಅಡುಗೆಮನೆಯ ಕಡೆ ತಿರುಗಿದರು. ನಾನು ಒಲೆ ಆರಿಸಲು ಎದ್ದು ಓಡಿದೆ.

ಒಲೆಯ ಮೇಲೆ ಏನೂ ಇರಲಿಲ್ಲ.